ಆರ್‌ಎಕ್ಸ್ 100 ಬ್ಲಾಕ್‌ಗೆ ಮನೆಯಲ್ಲೇ ಪೋರ್ಟಿಂಗ್: ನನ್ನ ಅನುಭವ

ನನ್ನದು ಯಮಹಾ ಆರ್‌ಎಕ್ಸ್ 100, ಟೂ-ಸ್ಟ್ರೋಕ್ ಬೈಕ್. ಪೋರ್ಟಿಂಗ್ ಅಂದರೆ ಅದರ ಬ್ಲಾಕ್‌ನಲ್ಲಿ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್‌ನಲ್ಲಿ, ಇರುವ ಕಿಂಡಿಗಳನ್ನು (ಪೋರ್ಟ್) ಕೊರೆದು ತಿದ್ದುವುದು. ಲೇತ್ ಇಲ್ಲದೆ ಅದು ಆಗಲ್ಲ ಅಂತ ಕಲಬುರಗಿಯಲ್ಲಿ ಎಲ್ಲರೂ ಹೇಳಿದರು. ನನ್ನ ಗಾಡಿ ನೋಡುವ ಉಸ್ತಾದ್ ನಕ್ಕೇ ಬಿಟ್ಟರು: "ಹಲ್ಲಿನ ಡಾಕ್ಟರ್ ಮಷಿನ್ ಹಿಡ್ಕೊಂಡು ಬ್ಲಾಕ್ ಕೊರೀತೀರೇನ್ರಿ?" ಈಗ ಅವರೇ ಗಿರಾಕಿಗಳ ಬ್ಲಾಕ್ ನನಗೆ ಕಳಿಸುತ್ತಾರೆ. ಇರಲಿ.

ದುಡ್ಡಿನ ಮಾತು ಮೊದಲು. ಸಾವಿರ ರೂಪಾಯಿ ಆಸುಪಾಸಿನ ರೋಟರಿ ಮಷಿನ್ ಲೈನರ್ (ಅಲ್ಯೂಮಿನಿಯಂ ಬ್ಲಾಕ್ ಒಳಗಿನ ಬೀಡು ಕಬ್ಬಿಣದ ಕೊಳವೆ) ಮುಟ್ಟಿದ ಕೂಡಲೇ ಹೊಗೆ ಬಿಟ್ಟಿತು. ಜೊತೆಗೆ ಬಂದ ಕಲ್ಲುಗಳು ಬೀಡಿನ ಮೇಲೆ ಪುಡಿಪುಡಿ. ಕೊನೆಗೆ ಕೆಲಸಕ್ಕೆ ಬಂದಿದ್ದು ಫ್ಲೆಕ್ಸ್ ಶಾಫ್ಟ್ (ಬಳುಕುವ ಕೇಬಲ್) ಮೋಟರ್, ಅದಕ್ಕೆ ಕಾರ್ಬೈಡ್ ಬರ್, ಅಂದರೆ ಕೊರೆಯುವ ಗಟ್ಟಿ ತುದಿ. ಗುಜರಿಯ ಎರಡು ಹಳೇ ಬ್ಲಾಕ್ ಸೇರಿ ಏಳೆಂಟು ಸಾವಿರ ಆಗಿರಬೇಕು. ಅಲ್ಯೂಮಿನಿಯಂಗೆ ದೊಡ್ಡ ಹಲ್ಲಿನ ಬರ್ ಬೇರೆ ಇಡಿ, ಸಣ್ಣ ಹಲ್ಲಿನದು ಬೇಗ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಳ್ಳದಿರಲು ಹಚ್ಚೋಣ ಅಂದರೆ ಸೀಮೆಎಣ್ಣೆ ಈಗೆಲ್ಲಿ ಸಿಗುತ್ತದೆ? ಬರ್‌ಗೆ ಮೇಣದಬತ್ತಿ ಉಜ್ಜಿದೆ, ಸಾಕಾಯ್ತು.

ಎಲ್ಲರ ಕಣ್ಣೂ ಹೊಗೆ ಹೊರಹೋಗುವ ಎಕ್ಸಾಸ್ಟ್ ಪೋರ್ಟ್ ಮೇಲೆ. ಅದರ ಮೇಲಂಚು ಒಂದು ಮಿಲಿಮೀಟರ್ ಎತ್ತಿದರೆ ಕ್ರ್ಯಾಂಕ್‌ನ ಒಂದು ಸುತ್ತಿನಲ್ಲಿ ಒಟ್ಟು ನಾಲ್ಕೈದು ಡಿಗ್ರಿ ಜಾಸ್ತಿ ತೆರೆದಿರುತ್ತದೆ. ಒಂದು ಗುಜರಿ ಬ್ಲಾಕ್‌ಗೆ ಎರಡು ಮಿಲಿ ಎತ್ತಿ ಓಡಿಸಿದೆ: ಮೇಲಿನ ಆರ್‌ಪಿಎಂನಲ್ಲಿ ಕಿರುಚುತ್ತದೆ, ಊರಿನ ಸೂಪರ್ ಮಾರ್ಕೆಟ್ ಏರಿಯಾದ ಟ್ರಾಫಿಕ್‌ನಲ್ಲಿ ಸತ್ತೇ ಹೋಗುತ್ತದೆ. ನನ್ನ ಪ್ರಕಾರ ಲಾಭ ಇರುವುದು ಪೆಟ್ರೋಲ್-ಗಾಳಿ ಸಿಲಿಂಡರ್ ಒಳಗೆ ಬರುವ ಟ್ರಾನ್ಸ್‌ಫರ್ ಪೋರ್ಟ್‌ಗಳಲ್ಲಿ. ಸಿಲಿಂಡರ್ ಬೋರ್ ಒಳಗೆ ಬಿಳಿ ಹಾಳೆ ಸುತ್ತಿ, ಎಣ್ಣೆ ಮಸಿಯ ಬೆರಳಿನಿಂದ ಉಜ್ಜಿದರೆ ಪೋರ್ಟ್‌ಗಳ ಅಚ್ಚು ಬೀಳುತ್ತದೆ, ಅದನ್ನು ಮಡಚಿ ಬೆಳಕಿಗೆ ಹಿಡಿದರೆ ಎಡಕ್ಕೂ ಬಲಕ್ಕೂ ಹೆಚ್ಚುಕಮ್ಮಿ ಮುಕ್ಕಾಲು ಮಿಲಿ ವ್ಯತ್ಯಾಸ! ತಗ್ಗಿನದನ್ನು ಎತ್ತರದ್ದಕ್ಕೆ ಸಮ ಮಾಡಿದ್ದಕ್ಕೇ ಅರ್ಧ ಪಿಕಪ್ ಬಂತು. ಒಳಗೋಡೆಗೆ ಕೊಟ್ಟ ಓರೆ ಎಷ್ಟು ಅಂತ ಮಾತ್ರ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ. ಪೋರ್ಟ್ ಅಂಚುಗಳ ಚೂಪು ತೆಗೆಯಲೇಬೇಕು. ಇಲ್ಲದಿದ್ದರೆ ಪಿಸ್ಟನ್ ರಿಂಗ್ ಸಿಕ್ಕಿ ಮುರಿಯುತ್ತದೆ, ಎರಡನೇ ಗುಜರಿ ಬ್ಲಾಕ್ ಹೋಗಿದ್ದು ಹಾಗೇ.

ಮಧ್ಯದಲ್ಲಿ ಬ್ಲಾಕ್ ಮೇಲಿನ ಮುಚ್ಚಳ, ಅಂದರೆ ಹೆಡ್‌ಗೂ ಕೈ ಹಾಕಿದೆ. ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಗಾಜು, ಅದರ ಮೇಲೆ ಎಮರಿ ಪೇಪರ್, ಉಜ್ಜಿದ್ದೇ ಉಜ್ಜಿದ್ದು. ಅರ್ಧ ಮಿಲಿ ಹೋಯ್ತು, ಕಂಪ್ರೆಷನ್ ಏರಿತು. ಚಳಿಗಾಲದಲ್ಲಿ ಮಜವಾಗಿತ್ತು. ಮೇ ತಿಂಗಳ 42 ಡಿಗ್ರಿ ಬಿಸಿಲಿಗೆ ಎಂಜಿನ್ ಒಳಗೆ ಟಕಟಕ (ನಾಕಿಂಗ್) ಶುರು. ದಪ್ಪ ಗ್ಯಾಸ್ಕೆಟ್ ಹಾಕಿ ಸುಮ್ಮನಾದೆ.

ಪೋರ್ಟಿಂಗ್ ಆದ ಮೇಲೆ ಮೇನ್ ಜೆಟ್ (ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಬಿಡುವ ತೂತು) ದೊಡ್ಡದು ಮಾಡದೆ ಓಡಿಸಬೇಡಿ. ಪ್ಲಗ್ ಬೆಳ್ಳಗೆ ಬಂದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ, ಪಿಸ್ಟನ್ ಕಚ್ಚಿಕೊಂಡು ಸೀಜ್ ಆಗುವುದು ದೂರ ಇಲ್ಲ. ನಾನು ಎರಡು ಸೈಜ್ ಏರಿಸಿದೆ. ಕಮಲಾಪುರದ ಹತ್ತಿರದ ಏರಿನಲ್ಲಿ ಮೂರನೇ ಗೇರ್ ಕೇಳುತ್ತಿದ್ದ ಗಾಡಿ ಈಗ ಇಬ್ಬರು ಕೂತರೂ ನಾಲ್ಕರಲ್ಲೇ ಹತ್ತುತ್ತದೆ. ಮೈಲೇಜ್ 40ರಿಂದ 32ಕ್ಕೋ 33ಕ್ಕೋ ಇಳಿದಿದೆ, ಮನೆಯಲ್ಲಿ ಇನ್ನೂ ಹೇಳಿಲ್ಲ.