ಬೆಂಗಳೂರಿಗೆ ಅರೋರಾ ಬರುವುದಿಲ್ಲ, ಬಿರುಗಾಳಿ ಮಾತ್ರ ಬಂದೇ ಬರುತ್ತದೆ

ಅರೋರಾ ಆ್ಯಪ್‌ಗಳಲ್ಲಿ ಕೆಪಿ 8, ಕೆಪಿ 9 ಎಂದು ಕೆಂಪು ಪಟ್ಟಿ ಬಂದ ಸಂಜೆ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ಅರೋರಾ ಎಂದರೆ ಧ್ರುವಗಳ ಕಡೆ ರಾತ್ರಿ ಆಕಾಶದಲ್ಲಿ ಹೊಳೆಯುವ ಬಣ್ಣದ ಬೆಳಕು, ಕೆಪಿ ಎಂದರೆ ಭೂಮಿಯ ಕಾಂತಬಲ ಎಷ್ಟು ಕದಡಿದೆ ಎಂದು ಹೇಳುವ ಅಂಕಿ. "ಸಾರ್, ನಂದಿಬೆಟ್ಟಕ್ಕೆ ಹೋದ್ರೆ ಕಾಣಿಸುತ್ತಾ?" ಕಾಣಿಸುವುದಿಲ್ಲ. ರಾತ್ರಿ ಅಲ್ಲಿ ಗೇಟೂ ತೆಗೆಯುವುದಿಲ್ಲ. ಬೆಂಗಳೂರಿನಿಂದ ಉತ್ತರದ ಆಕಾಶ ಕೆಂಪಗೆ ಕಂಡರೆ ಅದು ದೇವನಹಳ್ಳಿ ಕಡೆಯ ದೀಪಗಳ ಬೆಳಕು. ಆದರೆ "ಬೆಂಗಳೂರಲ್ಲಿ ಏನೂ ಇಲ್ಲ ಬಿಡಿ" ಎಂದು ಫೋನ್ ಇಡುವುದೂ ಸರಿಯಲ್ಲ. ಸೂರ್ಯನಿಂದ ಬಂದ ಕಣಗಳ ಹೊಡೆತಕ್ಕೆ ಭೂಮಿಯ ಕಾಂತಬಲ ಕದಡುವ ಇಂಥ ಕಾಂತ ಬಿರುಗಾಳಿಯನ್ನು ಅಳೆಯಲು ನಮ್ಮ ಕಡೆಯಷ್ಟು ಒಳ್ಳೆಯ ಜಾಗ ಉತ್ತರದ ದೇಶಗಳಲ್ಲೂ ಇಲ್ಲ. ನಾನು ಅದನ್ನು ಹೇಗೆ ಅಳೆಯುತ್ತೇನೆ ಎನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾಣುವ ಲೆಕ್ಕ ಮುಗಿಸೋಣ. ಅರೋರಾಗೆ ಶಾಲೆಯ ಭೂಪಟದ ಅಕ್ಷಾಂಶ ಗೊತ್ತಿಲ್ಲ. ಅದಕ್ಕೆ ಬೇಕಿರುವುದು ಕಾಂತ ಅಕ್ಷಾಂಶ, ಅಂದರೆ ಭೂಮಿಯ ಕಾಂತ ಧ್ರುವಗಳನ್ನು ಹಿಡಿದು ಲೆಕ್ಕ ಹಾಕುವ ಅಕ್ಷಾಂಶ. ಭೂಮಿಯ ಕಾಂತ ಅಕ್ಷ ಅಮೆರಿಕದ ಕಡೆ ವಾಲಿಕೊಂಡಿದೆ. ಹಾಗಾಗಿ ಅವರಿಗೆ ಲಾಭ, ನಮಗೆ ನಷ್ಟ. ಲಡಾಖಿನ ಹಾನ್ಲೆ ಮತ್ತು ಟೆಕ್ಸಸ್‌ನ ಡಲ್ಲಾಸ್ ಎರಡೂ ಸುಮಾರು 32.8 ಡಿಗ್ರಿ ಉತ್ತರದಲ್ಲಿವೆ. ಕಾಂತ ಅಕ್ಷಾಂಶ ನೋಡಿದರೆ ಡಲ್ಲಾಸ್ 41, ಹಾನ್ಲೆ ಬರೀ 24. 2024ರ ಮೇ 10ರ ರಾತ್ರಿ ಡಲ್ಲಾಸ್‌ನಲ್ಲಿರುವ ನನ್ನ ದೊಡ್ಡಮ್ಮನ ಮಗ ಊರಾಚೆ ಕಾರು ನಿಲ್ಲಿಸಿ, ಮೊಬೈಲಿನಲ್ಲೇ ಗುಲಾಬಿ ಬಣ್ಣದ ಆಕಾಶ ಹಿಡಿದು ಕಳಿಸಿದ. ಬೆಂಗಳೂರಿನ ಕಾಂತ ಅಕ್ಷಾಂಶ ಎಷ್ಟು ಗೊತ್ತೇ? ಸುಮಾರು 5.

ಕೆಂಪು ಅರೋರಾ ಆಮ್ಲಜನಕದ ಬೆಳಕು, ತುಂಬಾ ಎತ್ತರದಲ್ಲಿ ಹೊಳೆಯುತ್ತದೆ. 400 ಕಿಲೋಮೀಟರ್ ಎತ್ತರದ ಬೆಳಕು ಸುಮಾರು 2,250 ಕಿಲೋಮೀಟರ್ ದೂರದಿಂದ ದಿಗಂತದ ಅಂಚಿನಲ್ಲಿ ಕಾಣಬಹುದು, ಅಂದರೆ 20 ಡಿಗ್ರಿ ಆಚೆಯಿಂದ. ಬೆಂಗಳೂರಿನ ದಿಗಂತಕ್ಕೆ ತಾಗಬೇಕಾದರೂ ಅದು ಕಾಂತ ಅಕ್ಷಾಂಶ 25ರ ತನಕ ಇಳಿಯಬೇಕು. 1872ರ ಫೆಬ್ರವರಿ 4ರ ಬಿರುಗಾಳಿಯಲ್ಲಿ ಬಹುಶಃ ಅಷ್ಟು ಇಳಿದಿತ್ತು. ಅಂದು ಮುಂಬಯಿಯಲ್ಲಿ ಅರೋರಾ ಕಂಡ ವರದಿ ಇದೆ. ಅಂಥದ್ದು ಮತ್ತೆ ಬಂದರೂ ನಮ್ಮ ಪಾಲಿಗೆ ಸಿಗುವುದು ದಿಗಂತದ ಮೇಲೊಂದು ಗೆರೆ ಕೆಂಪು. ನಗರದ ದೂಳು, ಬೆಳಕಿನಲ್ಲಿ ಅದೂ ಮುಳುಗಿಹೋಗುತ್ತದೆ.

ಇಷ್ಟು ಗೊತ್ತಾದ ಮೇಲೆ ನಾನು ಕೆಪಿ ನೋಡುವುದನ್ನು ಹೆಚ್ಚುಕಡಿಮೆ ಬಿಟ್ಟೆ. ಅದನ್ನು ಲೆಕ್ಕ ಹಾಕುವುದು ಬಹುಪಾಲು ನಮಗಿಂತ ತುಂಬಾ ಉತ್ತರ, ದಕ್ಷಿಣದ ಕೇಂದ್ರಗಳ ಅಂಕಿಗಳಿಂದ. ಮೂರು ಗಂಟೆಗೊಂದು ಸಂಖ್ಯೆ, 9ಕ್ಕೆ ಮುಗಿಯಿತು. 9ರ ಒಳಗೇ ದೊಡ್ಡದು, ಭಯಂಕರ ದೊಡ್ಡದು ಎಲ್ಲ ತುರುಕಿಕೊಂಡಿರುತ್ತದೆ. ನಮಗೆ ಬೇಕಾದ್ದು ಡಿಎಸ್‌ಟಿ ಎಂಬ ಇನ್ನೊಂದು ಅಂಕಿ. ಬಿರುಗಾಳಿ ಎದ್ದಾಗ ಭೂಮಿಯ ಸುತ್ತ, ಸಮಭಾಜಕದ ನೇರಕ್ಕೆ, ಸಾವಿರಾರು ಕಿಲೋಮೀಟರ್ ಮೇಲೆ ವಿದ್ಯುತ್ ಕಣಗಳ ಒಂದು ಉಂಗುರ ಬಲಿಯುತ್ತದೆ. ಆ ಉಂಗುರದ ಪ್ರವಾಹ ಪಶ್ಚಿಮಕ್ಕೆ ಹರಿಯುತ್ತದೆ. ಅದರಿಂದ ನೆಲದ ಮೇಲೆ ಉತ್ತರಮುಖಿ ಕಾಂತಬಲ ಸ್ವಲ್ಪ ಕುಗ್ಗುತ್ತದೆ. ಇದು ಚೆನ್ನಾಗಿ ಕಾಣುವುದು ಕಡಿಮೆ ಅಕ್ಷಾಂಶದಲ್ಲೇ. ಹವಾಯಿಯ ಹೊನೊಲುಲು, ಜಪಾನಿನ ಕಾಕಿಯೋಕಾ, ಪೋರ್ಟೊರಿಕೊದ ಸ್ಯಾನ್ ವಾನ್, ದಕ್ಷಿಣ ಆಫ್ರಿಕಾದ ಹರ್ಮಾನಸ್ ಈ ನಾಲ್ಕು ಕಡೆಯ ಅಳತೆ ಸೇರಿಸಿ ಕ್ಯೋಟೋ ವಿಶ್ವವಿದ್ಯಾಲಯ ಗಂಟೆಗೊಂದು ಡಿಎಸ್‌ಟಿ ಕೊಡುತ್ತದೆ. 2024ರ ಮೇ ತಿಂಗಳಲ್ಲಿ ಅದು −400 ನ್ಯಾನೋಟೆಸ್ಲಾ (ಕಾಂತಬಲದ ಅಳತೆ) ದಾಟಿತ್ತು. ಬಿರುಗಾಳಿಯಿಂದ ಕರೆಂಟು ಹೋಗಿ ಕೆನಡಾದ ಕ್ವಿಬೆಕ್ ಕತ್ತಲಾದ 1989ರ ಮಾರ್ಚ್‌ನಲ್ಲಿ −589.

ಇದನ್ನು ಬೇರೆಯವರ ಗ್ರಾಫಿನಲ್ಲಿ ನೋಡುವ ಬದಲು ನಾವೇ ಅಳೆಯಬಾರದೇಕೆ ಅನ್ನಿಸಿತು. ಅಂತರ್ಜಾಲದಲ್ಲಿ ಸಿಗುವ ಸುಲಭ ದಾರಿ ಎಂದರೆ ಬಾಟಲಿಯೊಳಗೆ ದಾರದಲ್ಲಿ ಆಯಸ್ಕಾಂತ ಕಟ್ಟಿ, ಅದಕ್ಕೆ ಕನ್ನಡಿ ಅಂಟಿಸಿ, ಲೇಸರ್ ಚುಕ್ಕೆ ಗೋಡೆಯ ಮೇಲೆ ಎಷ್ಟು ಸರಿಯಿತು ಎಂದು ನೋಡುವುದು. ಸ್ಕಾಟ್ಲೆಂಡಿನಲ್ಲಿ ಸರಿ. ಅದು ತೋರಿಸುವುದು ದಿಕ್ಕಿನ ಬದಲಾವಣೆ. ನಮ್ಮಲ್ಲಿ ದಿಕ್ಕು ಅಷ್ಟಾಗಿ ಅಲುಗುವುದಿಲ್ಲ, ಬಲ ಕುಗ್ಗುತ್ತದೆ. ಮೊಬೈಲಿನ ದಿಕ್ಸೂಚಿ ಚಿಪ್ಪೂ ಆಗದು, ಅದರ ಗದ್ದಲದಲ್ಲಿ ಸಣ್ಣಪುಟ್ಟ ಬಿರುಗಾಳಿ ಕಳೆದೇ ಹೋಗುತ್ತದೆ. ನಾನು ತೆಗೆದುಕೊಂಡಿದ್ದು ಆರ್‌ಎಂ3100 ಎನ್ನುವ, ಕಾಂತಬಲ ಅಳೆಯುವ ಸೆನ್ಸರ್. ಒಂದೊಂದು ಓದು ಹತ್ತಿಪ್ಪತ್ತು ನ್ಯಾನೋಟೆಸ್ಲಾ ತೂಗಾಡಿದರೂ ನಿಮಿಷದ ಸರಾಸರಿ ತೆಗೆದರೆ ಗೆರೆ ನುಣುಪಾಗುತ್ತದೆ.

ಜಾಗದ್ದೇ ದೊಡ್ಡ ತಲೆನೋವು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟು ಏರಿದರೆ ಗ್ರಾಫೂ ಏರುತ್ತದೆ, ಬೇಸ್‌ಮೆಂಟಿಗೆ ಕಾರು ಬಂದರೆ ಒಂದು ಮೆಟ್ಟಿಲು. ಮೇಲಾಗಿ ನಮ್ಮ ಮೆಟ್ರೋ ಓಡುವುದು 750 ವೋಲ್ಟ್ ಡಿಸಿ ಮೇಲೆ. ಆ ಕರೆಂಟು ವಾಪಸ್ ಹೋಗುವಾಗ ಸ್ವಲ್ಪ ನೆಲಕ್ಕೂ ಸೋರುತ್ತದೆ, ದೂರದ ತನಕ ಕಾಂತಬಲವನ್ನು ಕದಡುತ್ತದೆ. ಇದು ಹೊಸ ಗೋಳಲ್ಲ. 1841ರಿಂದ ಅಳೆಯುತ್ತಿದ್ದ ಮುಂಬಯಿಯ ಕೊಲಾಬಾ ವೀಕ್ಷಣಾಲಯ 1904ರಲ್ಲಿ ಅಲಿಬಾಗಿಗೆ ಹೋಗಿದ್ದೂ ಟ್ರಾಂಗಳಿಗೆ ವಿದ್ಯುತ್ ಬರುತ್ತದೆ ಎಂಬ ಕಾರಣಕ್ಕೇ. ದಾಖಲಾದ ಅತಿ ದೊಡ್ಡ ಬಿರುಗಾಳಿಗಳಲ್ಲಿ ಒಂದಾದ 1859ರ ಕ್ಯಾರಿಂಗ್ಟನ್ ಬಿರುಗಾಳಿಯಲ್ಲಿ ಕಾಂತಬಲ ಸುಮಾರು 1,600 ನ್ಯಾನೋಟೆಸ್ಲಾ ಕುಸಿದಿದ್ದನ್ನು ಬರೆದಿಟ್ಟಿದ್ದು ಅದೇ ಕೊಲಾಬಾ. ಇವತ್ತಿಗೂ ಜಗತ್ತಿನ ವಿಜ್ಞಾನಿಗಳು ಆ ದಾಖಲೆಯನ್ನು ಹುಡುಕಿಕೊಂಡು ಬರುತ್ತಾರೆ.

ನನ್ನ ಅಲಿಬಾಗು ತಿಪಟೂರಿನ ಹತ್ತಿರದ ತೆಂಗಿನ ತೋಟ, ಅಕ್ಕನ ಮನೆಯವರದು. ಸೆನ್ಸರನ್ನು ಪಿವಿಸಿ ಪೈಪಿನೊಳಗೆ ಕೂರಿಸಿ ಎರಡೂ ಕಡೆ ಮುಚ್ಚಳ ಹಾಕಿ ಮೂರಡಿ ಆಳಕ್ಕೆ ಹೂತೆ. ಹೂಳುವುದು ಕಳ್ಳರ ಭಯಕ್ಕಲ್ಲ. ಹಗಲು ರಾತ್ರಿಯ ಬಿಸಿ ತಂಪಿಗೂ ಸೆನ್ಸರ್ ಓದು ಜಾರುತ್ತದೆ, ಮಣ್ಣಿನ ಆಳದಲ್ಲಿ ಆ ಕಾಟ ಕಡಿಮೆ. ಒಳಗೆ ಕಬ್ಬಿಣದ ಒಂದು ಸ್ಕ್ರೂ ಕೂಡ ಇರಬಾರದು, ಎಲ್ಲ ಹಿತ್ತಾಳೆ ಇಲ್ಲವೇ ನೈಲಾನ್. ದಿಕ್ಕು ಹೊಂದಿಸಲು ಪೈಪನ್ನು ಮೆಲ್ಲಗೆ ತಿರುಗಿಸುತ್ತಾ ಹೋಗಬೇಕು. ಪೂರ್ವ–ಪಶ್ಚಿಮದ ಅಕ್ಷ ಸೊನ್ನೆ ತೋರಿಸಿದಾಗ ಇನ್ನೊಂದು ಅಕ್ಷ ಕಾಂತ ಉತ್ತರಕ್ಕೆ ನಿಂತಿದೆ ಎಂದರ್ಥ. ಅಲ್ಲಿ ಬರುವ ಓದು 40,000 ನ್ಯಾನೋಟೆಸ್ಲಾ ಆಸುಪಾಸು. ದೊಡ್ಡ ಬಿರುಗಾಳಿ ಎಂದರೂ ಅದರಲ್ಲಿ ನೂರಕ್ಕೆ ಒಂದರಷ್ಟು ಇಳಿತ. ತಂತಿ ಉದ್ದವಾದರೆ ಸೆನ್ಸರ್ ತಕರಾರು ಮಾಡುತ್ತದೆ, ಹಾಗಾಗಿ ಚಿಕ್ಕ ಕಂಟ್ರೋಲರ್ ಬೋರ್ಡನ್ನು ಹತ್ತಿರದಲ್ಲೇ ಇಟ್ಟೆ. ಕರೆಂಟಿಗೆ ಒಂದು ಸಣ್ಣ ಸೋಲಾರ್ ಪ್ಯಾನೆಲ್. ತ್ರೀ ಫೇಸ್ ಕರೆಂಟು ನಂಬಿಕೊಂಡು ವಿಜ್ಞಾನ ಮಾಡಲಾಗುವುದಿಲ್ಲ ಅಲ್ವಾ?

ಮೊದಲು ಗೆರೆಯಲ್ಲಿ ಕಂಡಿದ್ದು ಬಿರುಗಾಳಿಯಲ್ಲ, ದಿನಾ ಮಧ್ಯಾಹ್ನ ಏಳುವ ಉಬ್ಬು. ಬಿಸಿಲಿಗೆ ಮೇಲಿನ ವಾತಾವರಣದಲ್ಲಿ ಹರಿಯುವ ಪ್ರವಾಹದ ಪರಿಣಾಮ ಅದು. ಹೈದರಾಬಾದ್ ಮತ್ತು ಅಲಿಬಾಗ್ ಕೇಂದ್ರಗಳ ಗ್ರಾಫುಗಳ ಜೊತೆ ಇಟ್ಟು ನೋಡಿದಾಗ ಆಕಾರ ಹೊಂದಿತು. ಆಗಲೇ ನನಗೆ ಯಂತ್ರದ ಮೇಲೆ ನಂಬಿಕೆ ಬಂದಿದ್ದು. ನಮ್ಮಲ್ಲಿ ಹಗಲಿನ ಬಿರುಗಾಳಿ ಓದುವಾಗ ಈ ಉಬ್ಬನ್ನು ಕಳೆದೇ ಲೆಕ್ಕ ಹಾಕಬೇಕು.

2024ರ ಅಕ್ಟೋಬರ್ 10ಕ್ಕೆ ದಸರಾ ರಜೆ, ನಾನು ತೋಟದಲ್ಲೇ ಇದ್ದೆ. ದೊಡ್ಡ ಸೌರ ಸ್ಫೋಟದ ಮೋಡ ಭೂಮಿಯ ಕಡೆ ಹೊರಟಿದೆ ಎಂದು ಅಮೆರಿಕದ ಹವಾಮಾನ ಸಂಸ್ಥೆ ನೋವಾ (NOAA) ಮೊದಲೇ ಎಚ್ಚರಿಸಿತ್ತು. ಮಾರನೆಯ ದಿನದ ಆಯುಧಪೂಜೆಗೆ ಭಾವ ಟ್ರ್ಯಾಕ್ಟರ್ ತೊಳೆಯಲು ಸರಿಯಾಗಿ ಸೆನ್ಸರ್ ಪಕ್ಕಕ್ಕೇ ತಂದರು. ಗ್ರಾಫು ದಡಕ್ಕನೆ ಹಾರಿತು.

"ಭಾವ, ಅದನ್ನ ಸ್ವಲ್ಪ ಆ ಕಡೆ ನಿಲ್ಲಿಸ್ತೀರಾ?"

"ಯಾಕೆ, ಸೂರ್ಯನಿಗೆ ಅಡ್ಡ ಬಂತಾ?"

ಟ್ರ್ಯಾಕ್ಟರ್ ಹೋಯಿತು. ರಾತ್ರಿ ಒಂಬತ್ತಕ್ಕೆ ಸ್ವಲ್ಪ ಮುಂಚೆ ಗೆರೆ ಮತ್ತೆ ಮೇಲಕ್ಕೆ ಜಿಗಿಯಿತು. ಈ ಸಲ ಹತ್ತಿರ ಯಾರೂ ಇರಲಿಲ್ಲ. ಸೂರ್ಯನಿಂದ ಬೀಸುವ ಕಣಗಳ ಗಾಳಿ, ಅಂದರೆ ಸೌರಗಾಳಿ, ಭೂಮಿಯ ಕಾಂತಗೂಡನ್ನು ಅದುಮಿದ ಗುರುತು ಅದು, ಲೋಕದ ಎಲ್ಲ ಕೇಂದ್ರಗಳಲ್ಲೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬೀಳುತ್ತದೆ. ಆಮೇಲೆ ಗೆರೆ ಇಳಿಯುತ್ತಾ ಹೋಯಿತು, ನಡುವೆ ಒಮ್ಮೊಮ್ಮೆ ತಡವರಿಸಿ ಮತ್ತೆ ಇಳಿಯಿತು. ಬೆಳಗಾಗುವ ಹೊತ್ತಿಗೆ ನನ್ನ ಲೆಕ್ಕದಲ್ಲಿ ಮುನ್ನೂರರ ಆಸುಪಾಸು. ಕ್ಯೋಟೋದ ಲೆಕ್ಕದಲ್ಲಿ ಅಂದಿನ ತಳ −330ರ ಸುಮಾರು. ಮೋಡ ಕವಿದಿದ್ದರೂ ಈ ಆಟಕ್ಕೆ ಅಡ್ಡಿಯಿಲ್ಲ ಎನ್ನುವುದು ಇದರ ದೊಡ್ಡ ಗುಣ.

ಇಷ್ಟೆಲ್ಲ ಬೇಡ ಅನ್ನುವವರಿಗೆ ಸುಲಭದ್ದೊಂದಿದೆ. 2019ರ ಡಿಸೆಂಬರ್ ಗ್ರಹಣಕ್ಕೆ ಕೊಂಡ ಕನ್ನಡಕದಲ್ಲಿ ಗೀರು, ತೂತು ಇಲ್ಲದಿದ್ದರೆ ಅದನ್ನು ಹಾಕಿಕೊಂಡು ಸೂರ್ಯನನ್ನು ನೋಡಿ. 2024ರ ಮೇ ಬಿರುಗಾಳಿ ಎಬ್ಬಿಸಿದ 3664 ಸಂಖ್ಯೆಯ ಕಲೆಗಳ ಗುಂಪು ಭೂಮಿಗಿಂತ ಸುಮಾರು 15 ಪಟ್ಟು ಅಗಲ ಇತ್ತು. ದೂರದರ್ಶಕವಿಲ್ಲದೆ ಮನೆಯ ಟೆರೇಸಿನಿಂದಲೇ ಕಾಣುತ್ತಿತ್ತು. ಅಂಥ ಕಲೆ ಸೂರ್ಯನ ನಡುಭಾಗಕ್ಕೆ ಬಂದ ದಿನಗಳಲ್ಲಿ ನೋವಾ ಪುಟದ ಮೇಲೆ ಕಣ್ಣಿಡಿ. ಅಲ್ಲಿ ಬಿಝಡ್ (Bz) ಎಂಬ ಗೆರೆ ಇರುತ್ತದೆ, ಸೌರಗಾಳಿ ಹೊತ್ತು ತರುವ ಕಾಂತಬಲ ಉತ್ತರಕ್ಕಿದೆಯೋ ದಕ್ಷಿಣಕ್ಕಿದೆಯೋ ಎಂದು ತೋರಿಸುವ ಗೆರೆ. ಅದು ಸೊನ್ನೆಯ ಕೆಳಗೆ, ಅಂದರೆ ದಕ್ಷಿಣಮುಖಿಯಾಗಿ, ಗಂಟೆಗಟ್ಟಲೆ ನಿಂತರೆ ಮಾತ್ರ ಉಂಗುರ ಬಲಿಯುತ್ತದೆ. 15 ಲಕ್ಷ ಕಿಲೋಮೀಟರ್ ಆಚೆಯ ಉಪಗ್ರಹದ ಅಳತೆ ಅದು. ಸೌರಗಾಳಿಯ ವೇಗ ಸೆಕೆಂಡಿಗೆ 700 ಕಿಲೋಮೀಟರ್ ಇದ್ದರೆ ನಮಗೆ ಸಿಗುವ ಮುನ್ಸೂಚನೆ ಅರ್ಧ ಗಂಟೆ ಚಿಲ್ಲರೆ. ನಮ್ಮ ಆದಿತ್ಯ-ಎಲ್1 ಕೂಡ 2024ರ ಜನವರಿಯಿಂದ ಆ ಸೀಮೆಯಲ್ಲೇ ಇದೆ.

ಕಣ್ಣಾರೆ ಕೆಂಪು ನೋಡಲೇಬೇಕು ಎನ್ನುವವರಿಗೆ ದೇಶದೊಳಗೆ ಹಾನ್ಲೆಯೇ ಗತಿ. ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾ ಅಲ್ಲಿ 2023ರ ಏಪ್ರಿಲ್‌ನಲ್ಲಿ, ಮತ್ತೆ 2024ರ ಮೇ ಮತ್ತು ಅಕ್ಟೋಬರ್‌ನಲ್ಲಿ ಅದನ್ನು ಹಿಡಿದಿದೆ. ಮೇ ತಿಂಗಳಲ್ಲಿ ಹಿಡಿದಿದ್ದು ಮಾಮೂಲಿ ಅರೋರಾಗಿಂತ ಬೇರೆಯಾದ ಕೆಂಪು ಕಮಾನು. ಅದಕ್ಕೆ ಶಾಖ ಒದಗಿಸುವುದು ನಾನು ಮೇಲೆ ಹೇಳಿದ ಅದೇ ಉಂಗುರ. ಎಚ್ಚರಿಕೆ ಬಂದ ಮೇಲೆ ಬೆಂಗಳೂರಿನಿಂದ ಓಡುವ ಆಸೆ ಮಾತ್ರ ಬೇಡ. ಸೌರ ಸ್ಫೋಟ ನೋಡಿ ಕೊಡುವ ಮುನ್ಸೂಚನೆಯೂ ಸಿಗುವುದು ಒಂದೆರಡು ದಿನ ಮುಂಚೆ. ಲೇಹ್‌ಗೆ ಇಳಿದು ದೇಹ ಒಗ್ಗಲು ಅಷ್ಟೇ ದಿನ ಬೇಕು, ಹಾನ್ಲೆ ಇನ್ನೂ ಎತ್ತರ. ಅವಸರ ಮಾಡಿದರೆ ಆಸ್ಪತ್ರೆ ಸೇರುತ್ತೀರಿ. ಅಮಾವಾಸ್ಯೆ ನೋಡಿಕೊಂಡು, ಬಿರುಗಾಳಿಗಳು ಜಾಸ್ತಿ ಏಳುವ ಮಾರ್ಚ್ ಇಲ್ಲವೇ ಸೆಪ್ಟೆಂಬರ್–ಅಕ್ಟೋಬರ್‌ಗೆ, ನಕ್ಷತ್ರ ನೋಡಲೆಂದೇ ಹೋಗಿ. ಮಾರ್ಚ್‌ನಲ್ಲಿ ಚಳಿ ತಡೆಯಲಾಗದು, ನನ್ನ ಓಟು ಸೆಪ್ಟೆಂಬರಿಗೆ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಉತ್ತರಕ್ಕೆ ತಿರುಗಿಸಿ, ಐಎಸ್‌ಒ 3200, ಇಪ್ಪತ್ತು ಸೆಕೆಂಡಿನ ಎಕ್ಸ್‌ಪೋಷರ್ ಇಟ್ಟು ಆಗಾಗ ಒಂದೊಂದು ತೆಗೆಯುತ್ತಿರಿ. ಬರಿಗಣ್ಣಿಗೆ ಮಸುಕು ಬೂದಿಯಂತೆ ಕಂಡಿದ್ದೂ ಫೋಟೋದಲ್ಲಿ ಕೆಂಪಾಗಿ ಬರಬಹುದು.