ನಕಾಶೆಯಲ್ಲಿ ಸಿಗದ ಊರು: ಐರ್ಲೆಂಡಿನ ಹಳೆಯ ಹೆಸರುಗಳನ್ನು ಹುಡುಕುವ ಬಗೆ

ಡಬ್ಲಿನ್ನಿನಲ್ಲಿ ನೆಲೆಸಿರುವ ಗೆಳತಿಯೊಬ್ಬಳು ಕಳೆದ ಚಳಿಗಾಲದಲ್ಲಿ ಒಂದು ಕಾಗದವನ್ನು ತಂದು ನಮ್ಮ ಅಡುಗೆಮನೆಯ ಮೇಜಿನ ಮೇಲೆ ಹರಡಿದಳು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬಾಳಿ ಬದುಕಿದ ಅವಳ ಅಜ್ಜಿಯ ಪೆಟ್ಟಿಗೆಯಲ್ಲಿ ಉಳಿದಿದ್ದ ಕಾಗದ ಅದು. ಅಜ್ಜಿಯ ಮುತ್ತಜ್ಜ ಪಲ್ಟನ್ನಿನಲ್ಲಿ ಸಿಪಾಯಿಯಾಗಿದ್ದವನು. ಅವನ ಹುಟ್ಟೂರಿನ ಕಲಮಿನಲ್ಲಿ, ಮಾಸಿದ ಶಾಯಿಯಲ್ಲಿ, ‘ಪಾರ್ಸನ್ಸ್‌ಟೌನ್, ಕಿಂಗ್ಸ್ ಕೌಂಟಿ’ ಎಂದಿತ್ತು. ಮೊಬೈಲಿನ ನಕಾಶೆ ಬೇರೊಂದು ಕೌಂಟಿಯ ಪಾರ್ಸನ್ಸ್‌ಟೌನನ್ನು ತೋರಿಸಿತು. ಕಿಂಗ್ಸ್ ಕೌಂಟಿ ಎಂಬುದಂತೂ ಎಲ್ಲಿಯೂ ಸಿಗಲಿಲ್ಲ.

ಆ ಊರು ಇಂದಿಗೂ ಇದೆ. ಅದರ ಹೆಸರು ಬರ್, ಕೌಂಟಿ ಆಫಲಿ. ಹದಿನೇಳನೆಯ ಶತಮಾನದಲ್ಲಿ ಪಾರ್ಸನ್ಸ್ ಮನೆತನಕ್ಕೆ ಆ ಜಮೀನು ಸಿಕ್ಕಿತು, ಊರಿಗೆ ಅವರ ಹೆಸರು ಅಂಟಿತು. ಕೌಂಟಿಯ ಹೆಸರು ಇನ್ನೂ ಹಳೆಯದು. 1556ರಲ್ಲಿ ಇಂಗ್ಲೆಂಡಿನ ರಾಣಿ ಮೇರಿಯ ಆಡಳಿತ ಎರಡು ಕೌಂಟಿಗಳನ್ನು ರಚಿಸಿ ಒಂದಕ್ಕೆ ಅವಳ ಗಂಡ ಫಿಲಿಪನ ಗೌರವಾರ್ಥ ಕಿಂಗ್ಸ್ ಕೌಂಟಿ ಎಂದೂ ಇನ್ನೊಂದಕ್ಕೆ ಕ್ವೀನ್ಸ್ ಕೌಂಟಿ ಎಂದೂ ಹೆಸರಿಟ್ಟಿತು. ಐರ್ಲೆಂಡಿನ ಸ್ವಾತಂತ್ರ್ಯದ ಹೊತ್ತಿಗೆ ಅವು ಆಫಲಿ ಮತ್ತು ಲೀಶ್ ಆದವು. ಮೇರಿಬರೋ ಪೋರ್ಟ್‌ಲೀಶ್ ಆಯಿತು, ಫಿಲಿಪ್ಸ್‌ಟೌನ್ ಡೇಂಗನ್ ಆಯಿತು. ಡಬ್ಲಿನ್ನಿನ ಸ್ಯಾಕ್‌ವಿಲ್ ಬೀದಿ 1924ರಲ್ಲಿ ಓಕಾನಲ್ ಬೀದಿಯಾಯಿತು. ಕಿಂಗ್ಸ್‌ಟೌನ್ ಬಂದರು ಈಗಿನ ಡನ್ ಲೀರಿ. ನಮಗೆ ಇದು ಹೊಸದೇನಲ್ಲ. ಫ್ರೆಂಚ್ ರಾಕ್ಸ್ ಪಾಂಡವಪುರವಾದದ್ದನ್ನು, ಕ್ಲೋಸ್‌ಪೇಟೆ ರಾಮನಗರವಾದದ್ದನ್ನು ಬಲ್ಲವರು ನಾವು. ಆ ಕ್ಲೋಸ್‌ಪೇಟೆಗೆ ಹೆಸರು ಕೊಟ್ಟ ಬ್ಯಾರಿ ಕ್ಲೋಸ್ ಐರ್ಲೆಂಡಿನ ಆರ್ಮಾ ಕೌಂಟಿಯವನೇ.

ಕೆಲವು ಊರುಗಳು ಮೂರು ಹೆಸರು ಹೊತ್ತಿವೆ. ಕಾರ್ಕ್ ಬಳಿಯ ಬಂದರಿಗೆ ಮೊದಲು ‘ಕೋವ್’ ಎಂದಿತ್ತು. 1849ರಲ್ಲಿ ವಿಕ್ಟೋರಿಯಾ ರಾಣಿ ಬಂದು ಹೋದ ಮೇಲೆ ಕ್ವೀನ್ಸ್‌ಟೌನ್ ಆಯಿತು. 1920ರಲ್ಲಿ ಮತ್ತೆ ಕೋವ್ ಆಯಿತು, ಆದರೆ ಈ ಬಾರಿ ಐರಿಷ್ ಕಾಗುಣಿತದಲ್ಲಿ. ಸಿ, ಓ, ಬಿ, ಎಚ್ ಎಂದು ಬರೆದರೂ ಬಾಯಲ್ಲಿ ‘ಕೋವ್’ ಎಂದೇ ಹೇಳಬೇಕು. ಟೈಟಾನಿಕ್ ಹಡಗು 1912ರಲ್ಲಿ ಕೊನೆಯದಾಗಿ ನಿಂತ ಕ್ವೀನ್ಸ್‌ಟೌನ್ ಇದೇ. ನಿಮ್ಮ ದಾಖಲೆಯಲ್ಲಿ ಯಾವ ಹೆಸರಿದೆ ಎಂಬುದೇ ಅದು ಯಾವ ಕಾಲದ್ದು ಎಂದು ಹೇಳಿಬಿಡುತ್ತದೆ.

ಪಟ್ಟಣಗಳ ಹೆಸರು ಬಿಡಿಸುವುದು ಸುಲಭ. ನಿಜವಾದ ಕಷ್ಟ ಹಳ್ಳಿಗಾಡಿನಲ್ಲಿದೆ. ಅದಕ್ಕೆ ಇಲ್ಲಿನ ಭೂವಿಭಾಗದ ಕ್ರಮವನ್ನು ತಿಳಿಯಬೇಕು. ತಳದಲ್ಲಿರುವುದು ಟೌನ್‌ಲ್ಯಾಂಡ್. ಹೆಸರು ಕೇಳಿ ಪಟ್ಟಣವೆಂದು ತಿಳಿಯಬೇಡಿ. ಅದು ಕೆಲವು ಹೊಲ, ನಾಲ್ಕಾರು ಮನೆಗಳ ಒಂದು ತುಂಡು ನೆಲ. ಇಡೀ ದ್ವೀಪದಲ್ಲಿ ಇಂಥವು 60,000ಕ್ಕೂ ಹೆಚ್ಚು. ಟೌನ್‌ಲ್ಯಾಂಡುಗಳು ಸೇರಿ ಸರ್ಕಾರಿ ಲೆಕ್ಕದ ಸಿವಿಲ್ ಪ್ಯಾರಿಷ್, ಅವುಗಳ ಮೇಲೆ ನಮ್ಮ ಹೋಬಳಿ, ತಾಲ್ಲೂಕನ್ನು ನೆನಪಿಸುವ ಬ್ಯಾರನಿ, ಅದರ ಮೇಲೆ ಕೌಂಟಿ. 1838ರ ಬಳಿಕ ಬಡವರ ಪರಿಹಾರಕ್ಕೆಂದು ಬಂದ ಪೂರ್ ಲಾ ಯೂನಿಯನ್ ಎಂಬ ಇನ್ನೊಂದು ವಿಭಾಗ ಕೌಂಟಿಯ ಗಡಿಯನ್ನೂ ದಾಟುತ್ತದೆ. ಜನನ, ಮರಣಗಳ ಸರ್ಕಾರಿ ನೋಂದಣಿ 1864ರಲ್ಲಿ ಆರಂಭವಾದಾಗ ಈ ಯೂನಿಯನ್ನುಗಳೇ ನೋಂದಣಿ ಜಿಲ್ಲೆಗಳಾದವು. ಹಾಗಾಗಿ ಜನನಪತ್ರದಲ್ಲಿ ಬೇರೆ ಕೌಂಟಿಯ ಪೇಟೆಯ ಹೆಸರು ಕಂಡರೆ ಗಾಬರಿಯಾಗಬೇಡಿ. ಚರ್ಚಿನ ಆಡಳಿತದ ಕ್ಯಾಥೊಲಿಕ್ ಪ್ಯಾರಿಷ್ ಇವೆಲ್ಲಕ್ಕಿಂತ ಬೇರೆ. ಅದರ ಹೆಸರೂ ಗಡಿಯೂ ಸಿವಿಲ್ ಪ್ಯಾರಿಷ್‌ಗೆ ಅನೇಕ ಕಡೆ ಹೊಂದುವುದಿಲ್ಲ. ಹುಡುಕುವವರು ಅತಿ ಹೆಚ್ಚು ದಿನ ಕಳೆದುಕೊಳ್ಳುವುದು ಇಲ್ಲಿಯೇ.

ಇನ್ನು ಕಾಗುಣಿತ. ಜನ ಐರಿಷ್ ಭಾಷೆಯಲ್ಲಿ ಹೇಳಿದ ಹೆಸರನ್ನು ಇಂಗ್ಲಿಷ್ ಬಲ್ಲ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡ. ಪಾದ್ರಿ ಒಂದು ಬಗೆ, ಜಮೀನುದಾರನ ಏಜೆಂಟ್ ಇನ್ನೊಂದು ಬಗೆ, ಮದ್ರಾಸಿನ ಪಲ್ಟನ್ ಗುಮಾಸ್ತ ಮತ್ತೊಂದು ಬಗೆ. 1824ರಲ್ಲಿ ನಕಾಶೆ ತಯಾರಿಸಲು ಶುರುವಾದ ಆರ್ಡ್‌ನೆನ್ಸ್ ಸರ್ವೆ ಇದನ್ನು ಒಂದು ಹದಕ್ಕೆ ತಂದಿತು. ಜಾನ್ ಓಡೊನೊವನ್ ಎಂಬ ವಿದ್ವಾಂಸ ಊರೂರು ಅಲೆದು, ಹಳಬರ ಬಾಯಿಂದ ಹೆಸರು ಹೇಳಿಸಿ, ಅರ್ಥ ವಿಚಾರಿಸಿ, ಹತ್ತಾರು ರೂಪಗಳಲ್ಲಿ ಒಂದನ್ನು ಆರಿಸಿದ. ಆರಿಸದೆ ಬಿಟ್ಟ ರೂಪಗಳೇ ಇಂದು ನಮ್ಮ ಪಾಲಿಗೆ ‘ಕಳೆದುಹೋದ’ ಊರುಗಳು. ಆದರೆ ಅವುಗಳನ್ನೂ ಸರ್ವೆಯ ನಾಮಪುಸ್ತಕಗಳಲ್ಲಿ ಬರೆದಿಟ್ಟಿದ್ದಾರೆ. ಆ ಮನುಷ್ಯನ ಶ್ರದ್ಧೆಗೆ ನಾನು ಪ್ರತಿ ಸಲವೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಆದ್ದರಿಂದ ಮೊದಲ ಕೆಲಸ, ಕಾಗದದಲ್ಲಿರುವ ಹೆಸರನ್ನು ಗಟ್ಟಿಯಾಗಿ ಓದುವುದು. ಕಣ್ಣಿಗೆ ಬೇರೆಯಾಗಿ ಕಂಡದ್ದು ಕಿವಿಗೆ ಒಂದೇ ಆಗಿರುತ್ತದೆ. ಬಳಿಕ ಹೆಸರನ್ನು ಮುರಿದು ನೋಡಿ. ‘ಬ್ಯಾಲಿ’ ಎಂದರೆ ಊರು, ‘ನಾಕ್’ ಎಂದರೆ ಗುಡ್ಡ, ‘ಡೆರಿ’ ಎಂದರೆ ಓಕ್ ಮರಗಳ ತೋಪು, ‘ಬೆಗ್’ ಚಿಕ್ಕದು, ‘ಮೋರ್’ ದೊಡ್ಡದು, ‘ಡಫ್’ ಕಪ್ಪು. ಬ್ಯಾಲಿಬೆಗ್ ನಮ್ಮ ಚಿಕ್ಕಹಳ್ಳಿ, ನಾಕ್‌ಡಫ್ ನಮ್ಮ ಕರಿಗುಡ್ಡ. ‘ಕಿಲ್’ ಮಾತ್ರ ಮೋಸ ಮಾಡುತ್ತದೆ. ಅದು ‘ಕಿಲ್’ ಎಂಬ ಚರ್ಚೂ ಆಗಬಹುದು, ‘ಕೊಯಿಲ್’ ಎಂಬ ಕಾಡೂ ಆಗಬಹುದು. ಒಂದು ಕಿಲ್‌ಮೋರ್ ದೊಡ್ಡ ಚರ್ಚು, ಇನ್ನೊಂದು ಕಿಲ್‌ಮೋರ್ ದೊಡ್ಡ ಕಾಡು. ಒಂದೇ ಹೆಸರಿನ ಊರು ಹಲವು ಕೌಂಟಿಗಳಲ್ಲಿ ಇರುವುದರಿಂದ ಪ್ಯಾರಿಷ್ ಗೊತ್ತಾಗದೆ ಯಾವುದನ್ನೂ ಖಚಿತ ಮಾಡಿಕೊಳ್ಳಬೇಡಿ.

ಎರಡನೆಯ ಹೆಜ್ಜೆ ಲೊಗೆನಿಮ್ ಎಂಬ ಸರ್ಕಾರಿ ಸ್ಥಳನಾಮ ಜಾಲತಾಣ. ಅಲ್ಲಿ ಒಂದು ಟೌನ್‌ಲ್ಯಾಂಡನ್ನು ತೆರೆದರೆ ಐರಿಷ್ ರೂಪ, ಬ್ಯಾರನಿ, ಪ್ಯಾರಿಷ್ ಸಿಗುತ್ತವೆ. ಬಹಳಷ್ಟು ಊರುಗಳಿಗೆ ಹಳೆಯ ಕಾಗುಣಿತಗಳನ್ನು ಇಸವಿ ಸಮೇತ ಕೊಟ್ಟಿದ್ದಾರೆ. ಕೈಬರಹದ ಚೀಟಿಗಳ ಚಿತ್ರಗಳೂ ಇವೆ. ನಿಮ್ಮ ಕಾಗದದ ರೂಪ ಆ ಪಟ್ಟಿಯಲ್ಲಿ ಕಂಡರೆ ಅರ್ಧ ದಾರಿ ಸಾಗಿದಂತೆ. ಅದರ ಜೊತೆಗೆ, 1861ರಲ್ಲಿ ಅಚ್ಚಾದ ಟೌನ್‌ಲ್ಯಾಂಡ್ ಸೂಚಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. 1851ರ ಜನಗಣತಿಯನ್ನು ಆಧರಿಸಿದ ಆ ಪುಸ್ತಕ ಪ್ರತಿ ಹೆಸರಿನ ಮುಂದೆ ವಿಸ್ತೀರ್ಣ, ಪ್ಯಾರಿಷ್, ಯೂನಿಯನ್ ಎಲ್ಲವನ್ನೂ ಕೊಡುತ್ತದೆ.

ಊರು ಗೊತ್ತಾದ ಮೇಲೆ ಆ ಮನೆತನ ಅಲ್ಲಿತ್ತೇ ಎಂದು ನೋಡಬೇಕು. 1922ರ ಜೂನ್‌ನಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡದಲ್ಲಿ ಎದ್ದ ಬೆಂಕಿಗೆ 1821ರಿಂದ 1851ರವರೆಗಿನ ಜನಗಣತಿಯ ಬಹುಪಾಲು ಆಹುತಿಯಾಯಿತು. ಅದಕ್ಕೇ ತೆರಿಗೆಯ ಪಟ್ಟಿಗಳು ಇಲ್ಲಿ ಅಷ್ಟು ಅಮೂಲ್ಯ. 1823ರಿಂದ 1837ರ ನಡುವಿನ, ಚರ್ಚಿನ ತೆರಿಗೆ ಬರೆದ ಟೈದ್ ಪುಸ್ತಕಗಳು ಮತ್ತು 1847ರಿಂದ 1864ರ ನಡುವಿನ, ಜಮೀನಿನ ತೆರಿಗೆಗಾಗಿ ಮಾಡಿದ ಗ್ರಿಫಿತ್ ಮೌಲ್ಯಮಾಪನ ನಮ್ಮ ಪಹಣಿಯಂತೆ, ಯಾವ ತುಂಡು ಯಾರ ಸಾಗುವಳಿಯಲ್ಲಿತ್ತು ಎಂದು ಹೇಳುತ್ತವೆ. ಎರಡೂ ಅಂತರ್ಜಾಲದಲ್ಲಿ ಉಚಿತ. 2015ರಿಂದ ರಾಷ್ಟ್ರೀಯ ಗ್ರಂಥಾಲಯ ಕ್ಯಾಥೊಲಿಕ್ ಜ್ಞಾನಸ್ನಾನದ ಪುಸ್ತಕಗಳ ಚಿತ್ರಗಳನ್ನೂ ತೆರೆದಿಟ್ಟಿದೆ. ಬೆಂಗಳೂರು, ಕೋಲಾರದ ಚಿನ್ನದ ಗಣಿಗಳ ಕಡೆಯಿಂದ ಹುಡುಕುತ್ತಾ ಬರುವವರು ಮದ್ರಾಸ್ ಪ್ರಾಂತ್ಯದ ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳ ಪ್ರತಿಗಳನ್ನು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ನೋಡಬೇಕು.

ಇಷ್ಟಾದರೂ ಸಿಗದ ಹೆಸರುಗಳಿವೆ. ಟೌನ್‌ಲ್ಯಾಂಡಿನೊಳಗಿನ ಮಜರೆಯಂಥ ಸಣ್ಣ ಹಟ್ಟಿಗಳು ಸರ್ವೆಯ ಪಟ್ಟಿಗೆ ಬರಲೇ ಇಲ್ಲ. 1845ರ ಬಳಿಕ ಬಂದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಆಗ ಎಷ್ಟೋ ಹಟ್ಟಿಗಳು ನಮ್ಮ ಬೇಚರಾಕ್ ಗ್ರಾಮಗಳಂತೆ ಖಾಲಿಯಾದವು. ಇಂಥವಕ್ಕೆ ನಾನು ನಂಬುವುದು ಡೂಹಸ್ ಎಂಬ ಜಾನಪದ ಜಾಲತಾಣದ ಶಾಲಾ ಸಂಗ್ರಹವನ್ನು. 1937ರಿಂದ 1939ರವರೆಗೆ ಸ್ವತಂತ್ರ ಐರ್ಲೆಂಡಿನ 26 ಕೌಂಟಿಗಳ ಪ್ರಾಥಮಿಕ ಶಾಲೆಗಳ ಮಕ್ಕಳು ಮನೆಯ ಹಿರಿಯರನ್ನು ಕೇಳಿ ಹೊಲದ ಹೆಸರು, ಬಾವಿಯ ಹೆಸರು, ಪಾಳುಮನೆಯಲ್ಲಿ ಇದ್ದವರ ಹೆಸರನ್ನು ನೋಟುಪುಸ್ತಕದಲ್ಲಿ ಬರೆದಿಟ್ಟರು.

ಗೆಳತಿ ಈಗ ಬರ್ ಸುತ್ತಲಿನ ಶಾಲೆಗಳ ಆ ಪುಟಗಳನ್ನು ದಿನಕ್ಕೆ ಹತ್ತರಂತೆ ಓದುತ್ತಿದ್ದಾಳೆ, ಅಜ್ಜಿಯ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು.