ವೆಬ್‌ಸೈಟಿನ ಮುಖಪುಟ ತಿದ್ದಿದ್ದು: ನನ್ನ ಅನುಭವ

ಗದಗಿನ ಪ್ರೆಸ್‌ಗಳಲ್ಲಿ, ಹುಬ್ಬಳ್ಳಿಯ ಡಿಟಿಪಿ ಅಂಗಡಿಗಳಲ್ಲಿ 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನ ಫೈಲುಗಳು ರಾಶಿ ಬಿದ್ದಿವೆ. ಲಗ್ನಪತ್ರಿಕೆ, ಸೊಸೈಟಿ ವರದಿ, ಕವನ ಸಂಕಲನ, ಎಲ್ಲಾ. ಅಲ್ಲಿಂದ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಕನ್ನಡ ಮಾಯ. ಇಂಗ್ಲಿಷ್ ಅಕ್ಷರ, ಮಧ್ಯೆ ಮಧ್ಯೆ ಪೌಂಡ್ ಚಿಹ್ನೆ! ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು, ಫಾಂಟ್ ಇಲ್ಲದ ಕಡೆ ಒಳಗಿನದ್ದು ಹಾಗೇ ಹೊರಗೆ ಬರುತ್ತದೆ. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಜಾಗ ಇದೆ, ಆದರೂ ಪ್ರೆಸ್ಸಿನ ಕೆಲಸ ಹಳೆಯ ಫಾಂಟಿನಲ್ಲೇ ನಡೆದುಕೊಂಡು ಬಂತು.

ಇಂಥ ಬರಹವನ್ನು ಯೂನಿಕೋಡ್‌ಗೆ ಬದಲಿಸುವ ಸಾಫ್ಟ್‌ವೇರ್ ಒಂದನ್ನು ಧಾರವಾಡದ ನನ್ನ ಗೆಳೆಯರು ಬಿಡುವಿನಲ್ಲಿ ಬರೆದರು. ಕೆಲಸ ಗಟ್ಟಿ. ಆದರೆ ಅದರ ವೆಬ್‌ಸೈಟಿನ ಮುಖಪುಟದ ಮೊದಲ ಸಾಲು 'ಮುಕ್ತ ಆಕರದ ಪಠ್ಯ ಪರಿವರ್ತನಾ ಲೈಬ್ರರಿ' (ಪ್ರೋಗ್ರಾಮರ್‌ಗಳ ಮಾತಿನಲ್ಲಿ ಲೈಬ್ರರಿ ಅಂದರೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್), ಅದರ ಕೆಳಗೆ ಪ್ರೋಗ್ರಾಮರ್‌ಗಳಿಗಷ್ಟೇ ಬೇಕಾದ ಪೈಥಾನ್ ಆವೃತ್ತಿ, ಲೈಸೆನ್ಸ್, ಗಿಟ್‌ಹಬ್ ಲಿಂಕ್. ಅದನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಏನನ್ನೂ ಬರೆಯುವ ಮೊದಲು ಡಿಟಿಪಿ ಮಾಡುವ ಒಬ್ಬ ಅಕ್ಕಾರ ಮುಂದೆ ಆ ಪುಟ ತೆರೆದಿಟ್ಟು, "ಇದು ಯಾವ ಕೆಲಸಕ್ಕ ಐತಿ ಅನ್ನಸ್ತೈತ್ರಿ?" ಅಂತ ಕೇಳಿ ಸುಮ್ನೆ ಕೂತೆ. "ಲೈಬ್ರರಿ ಅಂತ ಐತಲ್ರೀ, ಪುಸ್ತಕ ಓದಾಕ ಏನ್ರೀ?" ಅಂದರು. ನಡುವೆ ಬಾಯಿ ಹಾಕಿ ವಿವರಿಸಬಾರದು, ಅದೇ ಕಷ್ಟ. ನಾವು ವಿವರಿಸಿದ್ದೆಲ್ಲಾ ಪುಟದಲ್ಲಿ ಇಲ್ಲದ್ದು, ಅಲ್ವಾ?

ಆಮೇಲೆ ಅವರದೇ ತೊಂದರೆಯನ್ನು ಮೊದಲ ಸಾಲು ಮಾಡಿದೆ: 'ನುಡಿಯಲ್ಲಿ ಟೈಪ್ ಮಾಡಿದ್ದು ಮೊಬೈಲಿನಲ್ಲಿ ಓದಲು ಬರುತ್ತಿಲ್ಲವೇ? ಇಲ್ಲಿ ಪೇಸ್ಟ್ ಮಾಡಿ.' ಅದರ ಕೆಳಗೇ ಪೇಸ್ಟ್ ಮಾಡುವ ಡಬ್ಬಿ. ಖಾಲಿ ಬಿಡದೆ 'ಕರ್ನಾಟಕ' ಅನ್ನುವ ಪದದ ಹಳೆಯ ರೂಪ ಎಡಕ್ಕೆ, ಯೂನಿಕೋಡ್ ರೂಪ ಬಲಕ್ಕೆ ಹಾಕಿದೆ. ಈ ಪದವೇ ಯಾಕೆ ಅಂದರೆ, ಹಳೆಯ ಫಾಂಟಿನಲ್ಲಿ ಅರ್ಕಾವತ್ತು 'ನಾ' ಆದಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು, ಎಷ್ಟೋ ಕನ್ವರ್ಟರ್‌ಗಳು ಎಡವುವುದು ಇಲ್ಲೇ. ಇದು ಗೊತ್ತಿದ್ದವರಿಗೆ ಆ ಒಂದು ಪದ ನೋಡಿದರೆ ಸಾಕು, ಗೊತ್ತಿಲ್ಲದವರಿಗೆ ಏನೂ ತೊಡಕಿಲ್ಲ.

ಇನ್ನೊಂದು ಸಾಲಿಗೆ ಗೆಳೆಯರು ಒಪ್ಪಲು ಸ್ವಲ್ಪ ಹೊತ್ತು ಹಿಡಿಯಿತು: 'ಸ್ಕ್ಯಾನ್ ಮಾಡಿದ ಪುಟ, ಫೋಟೋ ಇಲ್ಲಿ ಬದಲಾಗುವುದಿಲ್ಲ.' ಆಗದ್ದನ್ನು ಯಾಕೆ ಹೇಳಬೇಕು ಅಂತ ಅವರ ವಾದ. ನನ್ನ ಪ್ರಕಾರ ಅದನ್ನೇ ಮೇಲೆ ಹೇಳಬೇಕು, ಇಲ್ಲಾಂದ್ರೆ ಜನ ಫೋಟೋ ಹಾಕಿ ನೋಡಿ ಬೈದು ಹೋಗುತ್ತಾರೆ. 'ನಿಮ್ಮ ಬರಹ ನಿಮ್ಮ ಕಂಪ್ಯೂಟರ್ ಬಿಟ್ಟು ಹೋಗುವುದಿಲ್ಲ' ಅಂತಲೂ ಸೇರಿಸಿದೆ, ಬದಲಾವಣೆಯೆಲ್ಲ ಬ್ರೌಸರ್ ಒಳಗೇ ನಡೆಯುವುದರಿಂದ ಇದು ನಿಜವೇ. ಯಾರದೋ ಅಚ್ಚಾಗದ ಪುಸ್ತಕ ಕೈಯಲ್ಲಿ ಇಟ್ಟುಕೊಂಡವರಿಗೆ ಇದೇ ಮುಖ್ಯ.

ಪೈಥಾನ್, ಲೈಸೆನ್ಸ್ ಎಲ್ಲಾ 'ಡೆವಲಪರ್‌ಗಳಿಗೆ' ಅನ್ನುವ ಬೇರೆ ಪುಟಕ್ಕೆ ಹೋದವು. ಬ್ರೌಸರ್ ಟ್ಯಾಬಿನಲ್ಲಿ ಕಾಣುವ ಶೀರ್ಷಿಕೆಯನ್ನು 'ನುಡಿ ಟು ಯೂನಿಕೋಡ್' ಅಂತ ಇಟ್ಟೆ, ಯಾಕಂದ್ರೆ ಅಂಗಡಿಯಲ್ಲಿ ಜನ ಕೇಳುವುದೂ ಹಾಗೇ, ಗೂಗಲ್‌ನಲ್ಲಿ ಹುಡುಕುವುದೂ ಹಾಗೇ.